ವಾಲ್ಟರ್ ಕಾರಿನ ಆಯುಧಪೂಜೆ

ಇವತ್ತು ಬೆಳಗ್ಗೆ ನನ್ನ ಕಾರು ನನಗೆ ಕಾಫಿ ಕುಡಿಯಲು ಹೇಳಿತು. ತಮಾಷೆಯಲ್ಲ. ಆಫೀಸಿನ ದಾರಿಯಲ್ಲಿ ಎದುರಿನ ಪರದೆಯ ಮೇಲೆ ಹೊಗೆಯಾಡುವ ಲೋಟದ ಚಿತ್ರವೊಂದು ಮೂಡಿತು. ಅದರ ಕೆಳಗೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಾರದೇ ಎಂಬ ಅರ್ಥದ ಒಂದು ಸಾಲು. ಮನೆಯಲ್ಲಿ ಆಗತಾನೇ ಎರಡು ಲೋಟ ಫಿಲ್ಟರ್ ಕಾಫಿ ಇಳಿಸಿ ಹೊರಟವನು ನಾನು. ರಸ್ತೆಯಲ್ಲಿ ಸತ್ತುಬಿದ್ದಿದ್ದ ಅಳಿಲನ್ನು ತಪ್ಪಿಸಲು ಹೋಗಿ ಬಿಳಿಗೆರೆಯಿಂದ ಒಂದು ಗೇಣು ಆಚೆಗೆ ಸರಿದೆ, ಅಷ್ಟೇ. ಅಷ್ಟಕ್ಕೇ ಈ ಮನುಷ್ಯನಿಗೆ ತೂಕಡಿಕೆ ಬಂದಿದೆ ಎಂದು ಅದು ತೀರ್ಮಾನ ಮಾಡಿಬಿಟ್ಟಿತು.

ಈಗಿನ ಕಾರುಗಳಿಗೆ ನಮ್ಮ ಮೇಲೆ ನಂಬಿಕೆಯೇ ಇಲ್ಲ, ನೋಡಿ. ಬೆಲ್ಟ್ ಹಾಕದಿದ್ದರೆ ಕೂಗುತ್ತವೆ, ಹಿಂದೆ ಬೆಕ್ಕು ಹಾದರೆ ಕೂಗುತ್ತವೆ, ಹಿಂದಿನ ಸೀಟಿನಲ್ಲಿ ಹತ್ತು ಕೆಜಿ ಸೋನಾಮಸೂರಿ ಮೂಟೆ ಇಟ್ಟರೆ ಅದಕ್ಕೂ ಬೆಲ್ಟ್ ಹಾಕೆಂದು ಕೂಗುತ್ತವೆ. ನನ್ನದು ಬ್ಯಾಟರಿ ಕಾರು. ಬಾನೆಟ್ ತೆಗೆದರೆ ಒಳಗೆ ಎಂಜಿನ್ನೇ ಇಲ್ಲ, ತರಕಾರಿ ಚೀಲ ಇಡುವ ಒಂದು ಗುಂಡಿ ಇದೆ. ಇಲ್ಲಿಯವರು ಬಾನೆಟ್ಟಿಗೆ ಹುಡ್ ಎನ್ನುತ್ತಾರೆ. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾದರೂ ನನ್ನ ಬಾಯಲ್ಲಿ ಅದು ಬಾನೆಟ್ಟೇ, ಹಿಂದಿನದು ಡಿಕ್ಕಿಯೇ. ಮಗಳು ಅನಘಾಗೆ ಇದು ಕೇಳಿದಾಗಲೆಲ್ಲ ನಗು. "ಅಪ್ಪಾ, ಪ್ಲೀಸ್, ನನ್ ಫ್ರೆಂಡ್ಸ್ ಮುಂದೆ ಡಿಕ್ಕಿ ಅನ್ಬೇಡಿ" ಎನ್ನುತ್ತಾಳೆ.

ಬಾನೆಟ್ ಎಂದರೆ ನನಗೆ ತಿಪಟೂರಿನ ದೊಡ್ಡಪ್ಪ ನೆನಪಾಗುತ್ತಾರೆ. ಅವರ ಹತ್ತಿರ ಒಂದು ಕಪ್ಪು ಕಾರಿತ್ತು. ಅವರ ಕೈಗೆ ಬರುವಷ್ಟರಲ್ಲೇ ಅದಕ್ಕೆ ಮುಪ್ಪು. ದೊಡ್ಡಪ್ಪ ಮನೆಯ ಮುಂದೆ ಅದರ ಬಾನೆಟ್ ಎತ್ತಿ ನಿಲ್ಲಿಸಿದರೆಂದರೆ ಬೀದಿಯ ಗಂಡಸರೆಲ್ಲ ಹಲ್ಲುಜ್ಜುವುದನ್ನೂ ಅರ್ಧಕ್ಕೇ ಬಿಟ್ಟು ಬಂದು ಸುತ್ತ ನಿಲ್ಲುತ್ತಿದ್ದರು. ಒಳಗೆ ಇಣುಕಿ ಎಲ್ಲರೂ ಒಂದೊಂದು ಹೇಳಬೇಕು. "ಪ್ಲಗ್ ಹೋಗಿದೆ ಕಣ್ರೀ." "ಪ್ಲಗ್ಗಲ್ಲ ಸ್ವಾಮಿ, ಕಾರ್ಬುರೇಟರಿಗೆ ಕಸ ಸೇರ್ಕೊಂಡಿದೆ." ಬೀದಿಯ ಕೊನೆಯ ಸಂಸ್ಕೃತ ಮೇಷ್ಟ್ರು ಕೂಡ ಪಂಚೆ ಎತ್ತಿ ಕಟ್ಟಿ ಏನೋ ಒಂದು ವೈರನ್ನು ಮುಟ್ಟಿ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಕೊನೆಗೆ ಎಲ್ಲರೂ ಸೇರಿ ನೂಕುವುದು, ಕಾರು ಕೆಮ್ಮಿ ಎದ್ದೇಳುವುದು. ಆ ವಾಸನೆ, ಆ ಶಬ್ದ, ಅಂಗಿಗೆ ಹತ್ತಿದ ಗ್ರೀಸಿಗೆ ಅಮ್ಮನ ಬೈಗುಳ, ಇದೆಲ್ಲ ಸೇರಿದ್ದನ್ನೇ ನಾನು ಕಾರು ಎಂದುಕೊಂಡು ಬೆಳೆದೆ. ಈಗ ನೋಡಿದರೆ ತರಕಾರಿ ಗುಂಡಿ.

ಹಾಗಾಗಿ ಎದುರು ಮನೆಯ ವಾಲ್ಟರ್ ಮೊದಲ ಸಲ ತಮ್ಮ ಗರಾಜಿನ ಬಾಗಿಲು ಎತ್ತಿ ಆ ಬಿಳಿ ಕಾರನ್ನು ತೋರಿಸಿದ ದಿನ ನಾನು ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ನಾರ್ತ್ ಕ್ಯಾರೊಲಿನಾದ ಕ್ಯಾರಿ ಊರಿನ ನಮ್ಮ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚು, ಕಾರುಗಳೂ ಹೆಚ್ಚುಕಡಿಮೆ ಒಂದೇ ಅಚ್ಚು. ವಾಲ್ಟರ್ ಕಾರು ಮಾತ್ರ ಬೇರೆ ಜಾತಿ. ಇಂಥವಕ್ಕೆ ಇಲ್ಲಿ ಮಸಲ್ ಕಾರ್ ಎನ್ನುತ್ತಾರೆ. ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರಿನೊಳಗೆ ಲಾರಿಗಾಗುವಂಥ ಎಂಜಿನ್ ತುರುಕಿ, ಹುಡುಗರು ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಜಿದ್ದಿಗೆ ಬಿದ್ದು ಓಡಿಸಲೆಂದು ಮಾಡಿದ ವಾಹನ. ನಾನಿನ್ನೂ ಹುಟ್ಟಿರದ ಕಾಲದ್ದು. ಅದನ್ನು ಕಂಡು ನನಗೆ ಹಳೆಯ ದಿನಗಳು ನೆನಪಾಗಿ ಕಣ್ಣು ತುಂಬಿತು ಎಂದರೆ ನೀವು ನಗಬಹುದು. ನನ್ನ ಹೆಂಡತಿ ಶುಭಾ ನಕ್ಕೇ ನಕ್ಕಳು. "ಯಾರದೋ ಊರಿನ ಯಾರದೋ ಕಾರು, ನಿಮಗ್ಯಾಕ್ರೀ ಅಳು?" ಎಂದಳು. ಬಾನೆಟ್ ಎತ್ತಿದಾಗ ಒಳಗೆ ಎಂಜಿನ್ ಕಂಡಿತು, ಅಷ್ಟೇ ಸಾಕಾಗಿತ್ತು.

ವಾಲ್ಟರ್‌ಗೆ ಎಪ್ಪತ್ತು ದಾಟಿದೆ. ಒಂಟಿ ಜೀವ, ಮಿತಭಾಷಿ. ಮಾತಾಡಿದರೆ ಈ ದಕ್ಷಿಣದ ಸೀಮೆಯವರ ಹಾಗೆ ಒಂದೊಂದು ಪದವನ್ನೂ ಎಳೆದೆಳೆದು ಆಡುವರು. ನನ್ನ ಹೆಸರು ರಘು, ಅವರ ಬಾಯಲ್ಲಿ ಅದು ರೇಗೂ. ಅವರ ಮಾತನ್ನೆಲ್ಲ ನಾನಿಲ್ಲಿ ಕನ್ನಡ ಮಾಡಿಯೇ ಹೇಳುತ್ತೇನೆ. ಕಾರು ನಿಜವಾಗಿ ಅವರದ್ದಲ್ಲ, ಅವರ ಅಣ್ಣ ರಾಯ್‌ನದು. ರಾಯ್‌ಗೆ ಕೈಲಾಗದೆ ಹೋದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಇವರಿಗೆ ಬಂದಿತ್ತು. ನಾನು ಹೇಳಹೊರಟಿರುವ ದಸರೆಗೆ ಮುಂಚಿನ ಚಳಿಗಾಲದಲ್ಲಿ ರಾಯ್ ತೀರಿಕೊಂಡರು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ವಾಲ್ಟರ್ ಆ ಕಾರನ್ನು ಸ್ಟಾರ್ಟ್ ಮಾಡಿದರೆ ನಮ್ಮನೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳು ನಡುಗುತ್ತಿದ್ದವು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಮೊದಲ ಸಲ ಕೇಳಿದಾಗ, "ಏನ್ರೀ ಇದು, ಮಿಕ್ಸಿಗೆ ಕಲ್ಲು ಹಾಕಿದ್ಹಾಗೆ?" ಎಂದು ಎದೆ ಹಿಡಿದುಕೊಂಡು ಕೂತಿದ್ದರು.

ಒಮ್ಮೆ ವಾಲ್ಟರ್ ನನ್ನನ್ನು ಅದರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದರು. ಸೊಂಟಕ್ಕೆ ಮಾತ್ರ ಬೆಲ್ಟ್, ಅದೂ ವಿಮಾನದ್ದರಂತೆ. ಬ್ರೇಕ್ ಹಿಡಿಯಬೇಕೆಂದರೆ ಒಂದು ಫರ್ಲಾಂಗ್ ಮೊದಲೇ ಮನಸ್ಸು ಮಾಡಬೇಕು, ಕಾಲು ಪೂರ್ತಿ ಒತ್ತಬೇಕು, ಇಷ್ಟದೇವರನ್ನು ನೆನೆಯಬೇಕು. ತಿರುವಿನಲ್ಲಿ ನಾನು ಬಾಗಿಲಿಗೆ ಅಂಟಿಕೊಂಡೆ. ಇಳಿದಾಗ ಮುಖದ ತುಂಬ ನಗು. ಆ ವರ್ಷ ಅನಘಾ ಡ್ರೈವಿಂಗ್ ಕಲಿಯುತ್ತಿದ್ದಳು. ಅವಳನ್ನು ಮಾತ್ರ ಆ ಬೀಪ್ ಬೀಪ್ ಎನ್ನುವ ಕಾರಿನಲ್ಲೇ ಕೂರಿಸಿದೆ. ಹಳೆಯದರ ಮೇಲೆ ನನಗೆ ಎಷ್ಟೇ ಮೋಹವಿದ್ದರೂ ಮಗಳ ವಿಷಯದಲ್ಲಿ ಬುದ್ಧಿ ನೆಟ್ಟಗೇ ಕೆಲಸ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ ಆ ದಸರೆಯ ಕಥೆಗೆ ಬರಬೇಕು. ಸೆಪ್ಟೆಂಬರಿನ ಕೊನೆಗೆ ಬೀಸಿದ ಬಿರುಗಾಳಿಗೆ ವಾಲ್ಟರ್ ಮನೆಯ ಪೈನ್ ಮರ ಉರುಳಿ ಗರಾಜಿನ ಸೂರಿನ ಮೇಲೆ ಬಿತ್ತು. ಪುಣ್ಯಕ್ಕೆ ಕಾರಿಗೆ ಏನೂ ಆಗಲಿಲ್ಲ. ಸೂರು ರಿಪೇರಿಯಾಗುವವರೆಗೆ ಅದನ್ನು ಎಲ್ಲಿ ಇಡುವುದು? ರಾಯ್‌ನ ಮಗಳು ಕ್ಯಾರಲ್ ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿದ್ದಾಳೆ. ಅಪ್ಪನ ಕಾರು ಇನ್ನು ಅವಳದು, ಅಕ್ಟೋಬರ್ ಮೊದಲ ವಾರ ಬಂದು ತೆಗೆದುಕೊಂಡು ಹೋಗುವವಳಿದ್ದಳು. ಅಲ್ಲಿಯವರೆಗೆ ನಮ್ಮ ಗರಾಜಿನಲ್ಲಿ ಇಡಿ ಎಂದು ನಾನೇ ಮೇಲೆ ಬಿದ್ದು ಹೇಳಿದೆ. ಪರೋಪಕಾರವೇನಲ್ಲ, ಬರೀ ದುರಾಸೆ. ದಿನಾ ಅದರ ಸ್ಟೀರಿಂಗ್ ಹಿಂದೆ ಹತ್ತು ನಿಮಿಷ ಕೂರಬಹುದಲ್ಲ!

ನಮ್ಮ ಗರಾಜಿನ ವಿಷಯ ನಿಮಗೆ ಗೊತ್ತೇ ಇರುತ್ತದೆ, ನಿಮ್ಮದೂ ಹಾಗೇ ಇರುತ್ತದೆ. ಅಲ್ಲಿ ಕಾರು ಬಿಟ್ಟು ಉಳಿದದ್ದೆಲ್ಲ ಇತ್ತು. ಊರಿಗೆ ಹೋಗಿಬರುವ ಎಂಟು ಸೂಟ್‌ಕೇಸು, ಬಟ್ಟೆ ಒಣಹಾಕಲು ಬಳಕೆಯಾಗುತ್ತಿದ್ದ ಟ್ರೆಡ್‌ಮಿಲ್, ಯುಗಾದಿ ನಾಟಕದ ರಟ್ಟಿನ ಸಿಂಹಾಸನ. ಒಂದು ಶನಿವಾರ ಪೂರ್ತಿ ಅದನ್ನೆಲ್ಲ ಹೊರಗೆ ಹಾಕಿದೆ. "ಹತ್ತು ವರ್ಷದಿಂದ ಗರಾಜ್ ಕ್ಲೀನ್ ಮಾಡಿ ಅಂತ ಬಡ್ಕೊಂಡೆ. ನನಗೋಸ್ಕರ ಆಗ್ಲಿಲ್ಲ, ವಾಲ್ಟ್ ಕಾರಿಗೋಸ್ಕರ ಆಯ್ತು" ಎಂದಳು ಶುಭಾ. ನಾನು ಕೇಳಿಸಿಕೊಳ್ಳಲಿಲ್ಲ.

ಕಾರನ್ನು ಒಳಗೆ ತಂದು ನಿಲ್ಲಿಸಿದ ವಾಲ್ಟರ್ ಕೀಲಿಯನ್ನು ನನ್ನ ಕೈಗಿಡುತ್ತ, "ರೇಗೂ, ಇದರ ಬೆಲೆ ಇರುವುದು ಬಣ್ಣದಲ್ಲಿ. ಮೂಗಿನಿಂದ ಬಾಲದವರೆಗೆ ಫ್ಯಾಕ್ಟರಿಯಲ್ಲಿ ಹಾಕಿದ ಬಣ್ಣ. ಇಂಥದ್ದು ಈಗ ಸಿಗುವುದಿಲ್ಲ. ರಾಯ್ ಇದನ್ನು ಮಗುವಿನ ಹಾಗೆ ಒರೆಸುತ್ತಿದ್ದ. ಹಾಗೇ ಕ್ಯಾರಲ್ ಕೈಗೆ ಒಪ್ಪಿಸಬೇಕು" ಎಂದರು. ಈ ಮಾತನ್ನು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು, ಹೇಳುವಾಗಲೆಲ್ಲ ಬಾನೆಟ್ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು. ನಾನು ತಲೆಯಾಡಿಸಿದೆ. ಒಂದು ಔಷಧಿ ಕಂಪನಿಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಸಾಸಿವೆಯಷ್ಟು ಕಲೆ ಕಂಡರೂ ಇಡೀ ಬ್ಯಾಚನ್ನು ತಿರಸ್ಕರಿಸುವವನು. ನನಗಿಂತ ಯೋಗ್ಯ ಕಾವಲುಗಾರ ಅವರಿಗೆ ಎಲ್ಲಿ ಸಿಗಬೇಕು!

ಮಂಗಳವಾರ ಆಯುಧಪೂಜೆ ಬಂತು. ತಿಪಟೂರಿನಲ್ಲಿ ಆ ದಿನ ದೊಡ್ಡಪ್ಪನ ಕಾರಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾವು ಹತ್ತು ಹನ್ನೆರಡು ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂತು ಊರು ಸುತ್ತುತ್ತಿದ್ದೆವು. ಕ್ಯಾರಿಯಲ್ಲಿ ಬಾಳೆಕಂದು ಇಲ್ಲ, ಆದರೆ ಅಕ್ಟೋಬರಿನಲ್ಲಿ ಕುಂಬಳಕಾಯಿಗೆ ಬರವಿಲ್ಲ. ಎಲ್ಲರ ಮೆಟ್ಟಿಲ ಮೇಲೂ ಹ್ಯಾಲೊವೀನ್ ಎಂಬ ದೆವ್ವಗಳ ಹಬ್ಬದ ಕುಂಬಳಕಾಯಿ. ನಾವು ಅಂಗಡಿಯ ಬೂದುಗುಂಬಳಕ್ಕೆ ಕುಂಕುಮ ತುಂಬಿ ಗರಾಜಿನ ಮುಂದಿನ ಡ್ರೈವ್‌ವೇಯಲ್ಲಿ ಒಡೆದರೆ ಪಕ್ಕದ ಮನೆಯ ಮಕ್ಕಳು ಓಡಿಬಂದು, ಇಷ್ಟು ಭಯಂಕರವಾಗಿ ಅಲಂಕಾರ ಮಾಡುವುದು ನಮಗೂ ಕಲಿಸಿ ಎಂದು ದುಂಬಾಲು ಬಿದ್ದರು.

ನಾನು ಆ ದಿನ ಬಹಳ ಹುರುಪಿನಲ್ಲಿದ್ದೆ. ವೆಟ್ ಗ್ರೈಂಡರ್, ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ, ನಮ್ಮ ಎರಡು ಕಾರು, ಎಲ್ಲಕ್ಕೂ ಪೂಜೆಯಾಯಿತು. ಅತ್ತೆ ಗರಾಜಿನ ಬಾಗಿಲಲ್ಲಿ ಅರಿಶಿನ ಕಲಸಿದ ಬಟ್ಟಲು ಹಿಡಿದು ನಿಂತು, "ಇದಕ್ಕೆ?" ಎಂದರು. ನಾನು ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮನೆಗೆ ಬಂದ ಅತಿಥಿ, ಸೂರಿನ ಕೆಳಗಿರುವ ವಾಹನ, ಇದೊಂದನ್ನು ಬಿಟ್ಟರೆ ಏನು ಚೆನ್ನ? ಹೊದಿಕೆ ಸರಿಸಿ, ಮೂರು ಬೆರಳನ್ನು ಅರಿಶಿನದಲ್ಲಿ ಅದ್ದಿ ಬಾನೆಟ್ಟಿನ ನಡುವೆ ಉದ್ದಕ್ಕೆ ಎಳೆದೆ, ನಡುವೆ ಕುಂಕುಮದ ಬೊಟ್ಟಿಟ್ಟೆ. ಎರಡು ಬಾಗಿಲಿಗೂ ಡಿಕ್ಕಿಗೂ ಹಾಗೇ ಹಚ್ಚಿದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಆ ಬಿಳಿ ಮೈಮೇಲೆ ಅರಿಶಿನ ಕುಂಕುಮ ಎಷ್ಟು ಒಪ್ಪಿತೆಂದರೆ, ದೊಡ್ಡಪ್ಪ ನೋಡಬೇಕಿತ್ತು ಎನಿಸಿತು. ಪೂಜೆ ಮಾಡಿದ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ, ಒರೆಸುವಂತೆಯೂ ಇಲ್ಲ. ಮುಟ್ಟಲಿಲ್ಲ. ಅದೊಂದು ಶಾಸ್ತ್ರವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಗುರುವಾರ ಬೆಳಗ್ಗೆ ಮೆತ್ತನೆಯ ಒದ್ದೆ ಬಟ್ಟೆ ಹಿಡಿದು ಹೋದೆ. ನಮ್ಮ ಕಾರುಗಳ ಮೇಲಿನ ಅರಿಶಿನ ಒಂದೇ ಸಲಕ್ಕೆ ಹೋಯಿತು. ಈಗಿನ ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದಂತೆ, ಏನೂ ಒಳಗೆ ಇಳಿಯುವುದಿಲ್ಲ. ವಾಲ್ಟರ್ ಕಾರಿನ ಬಾಗಿಲು ಒರೆಸಿದೆ, ಹೋಯಿತು. ಡಿಕ್ಕಿ ಒರೆಸಿದೆ, ಹೋಯಿತು. ಬಾನೆಟ್ ಒರೆಸಿದೆ. ಹೋಗಲಿಲ್ಲ. ಮತ್ತೆ ಒರೆಸಿದೆ. ಅರಿಶಿನ ಪುಡಿಯೇನೋ ಬಂತು, ಮೂರು ಹಳದಿ ಪಟ್ಟೆ ಹಾಗೇ ಉಳಿದವು, ನಡುವೆ ಗುಲಾಬಿ ಬೊಟ್ಟು. ಒಂದು ಹನಿ ಸೋಪು ಹಾಕಿ ತಿಕ್ಕಿದೆ. ಬಟ್ಟೆ ತಿರುಗಿಸಿ ನೋಡಿದರೆ ಅದರ ತುಂಬ ಬಿಳಿ! ಕಲೆ ಹೋಗುತ್ತಿಲ್ಲ, ಬಣ್ಣ ಹೋಗುತ್ತಿದೆ! ಅಯ್ಯೋ ಶಿವನೇ, ಭಾನುವಾರ ಕ್ಯಾರಲ್ ಬರುತ್ತಾಳೆ. ಸತ್ತ ಅಣ್ಣನ ಕಾರು, ಅವನು ಮಗುವಿನಂತೆ ಒರೆಸಿದ ಬಣ್ಣ, ಅದರ ನಟ್ಟನಡುವೆ ನನ್ನ ಮೂರು ಬೆರಳು.

ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ, ನನ್ನ ಗೆಳೆಯನ ಕಾರು ಎಂದು ಸುಳ್ಳು ಹೇಳಿ ಉಪಾಯ ಕೇಳಿದೆ. ಹತ್ತು ನಿಮಿಷದಲ್ಲಿ ಮಹಾಪೂರ. ಟೂತ್‌ಪೇಸ್ಟ್ ಹಚ್ಚಿ. ಮೊಸರು ಹಚ್ಚಿ. ಕಡಲೆಹಿಟ್ಟಿಗೆ ನಿಂಬೆರಸ ಕಲಸಿ. ಸೀಮೆಎಣ್ಣೆ ಒಂದು ಚಮಚ. ಒಬ್ಬರು, "ರಘು, ನಿಮ್ಮ ಫ್ರೆಂಡಿಗೆ ಬುದ್ಧಿ ಇಲ್ವಾ?" ಎಂದು ಮಾತ್ರ ಕೇಳಿದರು. ಕಾರಿಗೆ ಮುಖಕ್ಕೆ ಹಚ್ಚುವುದನ್ನೆಲ್ಲ ಹಚ್ಚುವ ಧೈರ್ಯ ಬರಲಿಲ್ಲ. ಹೊದಿಕೆ ಎಳೆದು ಮುಚ್ಚಿ ಒಳಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತೆ.

ಅತ್ತೆ ಹುಳಿಗೆ ಬೇಳೆ ತೊಳೆಯುತ್ತಿದ್ದವರು ವಿಷಯ ಕೇಳಿ ತಿರುಗಿಯೂ ನೋಡಲಿಲ್ಲ. "ಅರಿಶಿನದ ಕಲೆ ತಾನೆ? ಬಿಸಿಲಿಗೆ ಹಾಕಿ. ನಾಳೆ ನಾಡಿದ್ದರಲ್ಲಿ ಹೋಗತ್ತೆ. ಎಷ್ಟು ಸೀರೆ ಹಾಗೆ ಒಗೆದಿಲ್ಲ ನಾವು" ಎಂದರು.

"ಕಾರು ಸೀರೆ ಅಲ್ಲ ಅತ್ತೆ."

"ಅರಿಶಿನ ಅರಿಶಿನಾನೇ ಅಲ್ವೇನ್ರೀ?"

ಮಾತು ಸರಿಯಾಗಿಯೇ ಇತ್ತು. ತೊಡಕು ಇದ್ದದ್ದು ಬೇರೆ ಕಡೆ. ಬಿಸಿಲಿಗೆ ಹಾಕುವುದೆಂದರೆ ಕಾರನ್ನು ಡ್ರೈವ್‌ವೇಗೆ ತರಬೇಕು. ಡ್ರೈವ್‌ವೇಯ ನೇರ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ವಾಲ್ಟರ್ ಮನೆಯ ಜಗಲಿ. ಬೆಳಗಿನಿಂದ ಸಂಜೆಯವರೆಗೆ ಅವರು ತೂಗುಕುರ್ಚಿ ಹಾಕಿಕೊಂಡು ಸೂರು ರಿಪೇರಿಯವರ ಮೇಲೆ ಕಣ್ಣಿಟ್ಟು ಅಲ್ಲೇ ಕೂತಿರುತ್ತಿದ್ದರು. ಅವರಿಗೆ ಹೇಳದೆ ಕಲೆ ತೆಗೆಯುವ ದಾರಿಯೇ ಇರಲಿಲ್ಲ. ಅನಘಾ ಒಂದೇ ಮಾತಿನಲ್ಲಿ ಮುಗಿಸಿದಳು. "ಜಸ್ಟ್ ಟೆಲ್ ಹಿಮ್, ಅಪ್ಪಾ. ನೀವೇ ನಂಗೆ ಯಾವಾಗ್ಲೂ ಹೇಳೋದು." ಹೌದು, ಹೇಳುವುದು ನಾನೇ. ಮಕ್ಕಳಿಗೆ ಹೇಳಲು ಎಷ್ಟು ಸುಲಭ ನೋಡಿ.

ಶುಕ್ರವಾರ ಬೆಳಗ್ಗೆ ಹೊರಟೆ. ಅತ್ತೆ ಬಾಗಿಲಲ್ಲಿ ತಡೆದು, "ಬರೀ ಕೈಲಿ ಹೋಗ್ಬೇಡಿ" ಎಂದು ಚಕ್ಕುಲಿ ಡಬ್ಬಿ ಕೊಟ್ಟರು. ತಪ್ಪೊಪ್ಪಿಗೆಗೆ ಚಕ್ಕುಲಿ ತೆಗೆದುಕೊಂಡು ಹೋದವನು ಇಡೀ ನಾರ್ತ್ ಕ್ಯಾರೊಲಿನಾದಲ್ಲಿ ನಾನೊಬ್ಬನೇ ಇರಬೇಕು. ವಾಲ್ಟರ್ ಡಬ್ಬಿ ತೆಗೆದು ಒಂದನ್ನು ಕಟುಮ್ ಎಂದು ಕಡಿದು, ಚೆನ್ನಾಗಿದೆ ಎಂದರು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ದಸರೆಯಿಂದ ಶುರು ಮಾಡಿದೆ, ದೇವಿ, ಆಯುಧ, ದೊಡ್ಡಪ್ಪ, ಎಲ್ಲೆಲ್ಲೋ ಹೋಗಿ ಕೊನೆಗೆ, "ವಾಲ್ಟ್, ನಾನು ನಿಮ್ಮ ಕಾರಿಗೆ ಒಂದು ತಪ್ಪು ಮಾಡಿದ್ದೇನೆ. ಬಂದು ನೋಡಿ" ಎಂದೆ. ಅವರು ಅರ್ಧ ಚಕ್ಕುಲಿಯನ್ನು ಡಬ್ಬಿಗೆ ಹಾಕಿ ಎದ್ದರು.

ಗರಾಜಿನಲ್ಲಿ ಹೊದಿಕೆ ತೆಗೆದೆ. ವಾಲ್ಟರ್ ಬಗ್ಗಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. "ನಿಮ್ಮಲ್ಲಿ ಇದನ್ನು ಯಾತಕ್ಕೆ ಹಚ್ಚುತ್ತೀರಿ?" ಎಂದು ಕೇಳಿದರು.

"ಒಳಗೆ ಕೂತವರು ಕ್ಷೇಮವಾಗಿ ಮನೆಗೆ ಬರಲಿ ಅಂತ. ಗಾಡಿಯಿಂದ ಯಾರಿಗೂ ಕೆಡುಕಾಗದಿರಲಿ ಅಂತ."

"ಬಾಗಿಲಿಗೂ ಹಚ್ಚಿದ್ದೆಯಾ?"

"ಹ್ಞೂಂ. ಬಾಗಿಲಿಗೂ, ಡಿಕ್ಕಿಗೂ. ಅದೆಲ್ಲ ಒರೆಸಿದ ಕೂಡಲೇ ಹೋಯಿತು. ಇದೊಂದೇ ಹೋಗುತ್ತಿಲ್ಲ. ಯಾಕೋ ಗೊತ್ತಿಲ್ಲ."

"ನನಗೆ ಗೊತ್ತು" ಎಂದರು ವಾಲ್ಟರ್. ಹಾಗೆಂದು ಅಲ್ಲೇ ಇದ್ದ ಅಕ್ಕಿಮೂಟೆಯ ಮೇಲೆ ಕೂತರು. ಮೊದಲು ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು. ನಗುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಅವರು ಹೇಳಿದ್ದಿಷ್ಟು. ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ರಾಯ್ ಎರಡು ವರ್ಷ ಸೈನ್ಯಕ್ಕೆ ಹೋಗಬೇಕಾಯಿತು. ಹೋಗುವಾಗ ಹೊಸ ಕಾರಿನ ಕೀಲಿಯನ್ನು ತಮ್ಮನ ಕೈಗಿಟ್ಟು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡು, ಆದರೆ ಓಡಿಸಬೇಡ ಎಂದು ಹೇಳಿದ್ದನಂತೆ. ವಾಲ್ಟರ್ ಒಂದು ತಿಂಗಳು ತಡೆದುಕೊಂಡರು. ಒಂದು ಮಧ್ಯಾಹ್ನ ಹುಡುಗಿಯೊಬ್ಬಳಿಗೆ ಎಂಜಿನ್ ತೋರಿಸಬೇಕೆಂದು ಬಾನೆಟ್ ಎತ್ತಿದರು, ಇಳಿಸಿದರು, ಕೊಂಡಿ ಸರಿಯಾಗಿ ಬಿತ್ತೋ ಇಲ್ಲವೋ ನೋಡದೆ ಹೆದ್ದಾರಿಗೆ ಹೋದರು. ವೇಗ ಏರಿದ ಹಾಗೆ ಬಾನೆಟ್ ಗಾಳಿಗೆ ಹಾರಿ ಹಿಂದಕ್ಕೆ ಮಡಚಿ ಗಾಜಿಗೆ ಅಪ್ಪಳಿಸಿತು. ಇಬ್ಬರಿಗೂ ಏನೂ ಆಗಲಿಲ್ಲ. ಬಾನೆಟ್ ಮಾತ್ರ ಹಪ್ಪಳ. ಗುಜರಿಯಲ್ಲಿ ಅದೇ ಮಾದರಿಯ ಒಂದು ಹಸಿರು ಬಾನೆಟ್ ಸಿಕ್ಕಿತು. ಗೆಳೆಯನೊಬ್ಬನ ಕೊಟ್ಟಿಗೆಯಲ್ಲಿ ಅದಕ್ಕೆ ಅಗ್ಗದ ಬಿಳಿ ಬಣ್ಣ ಹೊಡೆದು ಕೂರಿಸಿದರು. ರಾಯ್ ಬಂದ, ಕಾರು ನೋಡಿದ, ತಮ್ಮನ ಬೆನ್ನು ತಟ್ಟಿದ.

"ಫ್ಯಾಕ್ಟರಿಯವರು ಬಣ್ಣ ಹೊಡೆದು ಒಲೆಯಲ್ಲಿ ಬೇಯಿಸುತ್ತಾರೆ, ಅದು ಕಲ್ಲಿನಂತೆ. ನನ್ನದು ಸುಣ್ಣದಂತೆ. ಹೀರಿಕೊಂಡಿದೆ" ಎಂದರು ವಾಲ್ಟರ್. "ರಾಯ್‌ಗೆ ಇಷ್ಟು ವರ್ಷ ಹೇಳಲಿಲ್ಲ. ಅವನು ಎಲ್ಲರ ಮುಂದೆ ಫ್ಯಾಕ್ಟರಿ ಬಣ್ಣ ಎನ್ನುತ್ತಿದ್ದ, ನಾನೂ ಹೌದೆನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಅವನ ಪಕ್ಕ ಎರಡು ವಾರ ಕೂತಿದ್ದೆ. ದಿನಾ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಈಗ ಅವನ ಮಗಳಿಗೂ ಅದೇ ಸುಳ್ಳು ಹೇಳಿ ಕೊಡಬೇಕೆಂದಿದ್ದೆ. ನಿನ್ನ ದೇವರು ಸರಿಯಾದ ಜಾಗಕ್ಕೇ ಬೆರಳಿಟ್ಟ."

ನನಗೆ ಹೋದ ಜೀವ ಬಂದಂತಾಯಿತು, ಇದನ್ನು ಮುಚ್ಚಿಡುವುದಿಲ್ಲ. ಎದುರಿಗೆ ಮುದುಕರೊಬ್ಬರು ಜೀವಮಾನದ ಸಂಕಟ ಹೇಳಿಕೊಳ್ಳುತ್ತಿದ್ದಾರೆ, ನನ್ನ ಮನಸ್ಸು ಒಳಗೊಳಗೇ, ಸದ್ಯ, ನಾನು ಕೆಡಿಸಿದ್ದು ರಾಯ್‌ನ ಬಣ್ಣವಲ್ಲ, ಸದ್ಯ, ಎಂದು ಕುಣಿಯುತ್ತಿದೆ. ಮನುಷ್ಯ ಎಷ್ಟು ಸ್ವಾರ್ಥಿ ನೋಡಿ. ಆ ನಾಚಿಕೆಗೋ ಏನೋ, "ವಾಲ್ಟ್, ನಮ್ಮತ್ತೆ ಹೇಳುತ್ತಾರೆ, ಬಿಸಿಲಿಗಿಟ್ಟರೆ ಹೋಗುತ್ತದಂತೆ" ಎಂದೆ. ಇಬ್ಬರೂ ಸೇರಿ ಕಾರನ್ನು ಹೊರಗೆ ನೂಕಿದೆವು. ಎಷ್ಟೋ ವರ್ಷಗಳ ಮೇಲೆ ಕಾರೊಂದನ್ನು ನೂಕಿದ್ದು. ಅಷ್ಟರಲ್ಲಿ ಪಕ್ಕದ ಮನೆಯವರು, ಅವರ ಪಕ್ಕದ ಮನೆಯವರು, ಅಂಚೆಯಾಕೆ ಎಲ್ಲರೂ ಬಂದು ಸುತ್ತ ನಿಂತು ಒಂದೊಂದು ಮಾತು ಹೇಳಿದರು. ನನ್ನ ಬ್ಯಾಟರಿ ಕಾರಿನ ಮುಂದೆ ಇವತ್ತಿನವರೆಗೆ ಯಾರೂ ಹಾಗೆ ನಿಂತಿಲ್ಲ.

ಅಕ್ಟೋಬರಿನ ಬಿಸಿಲು ಎರಡು ದಿನ ಚೆನ್ನಾಗಿ ಕಾಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟೆಗಳೂ ಬೊಟ್ಟೂ ಮಾಸಿದವು, ಸಂಜೆಗೆ ಕಣ್ಣು ಕಿರಿದು ಮಾಡಿ ಹುಡುಕಿದರೆ ಕಾಣಬೇಕು. ಅತ್ತೆ ಗೆದ್ದವರಂತೆ ಡ್ರೈವ್‌ವೇಯಲ್ಲಿ ಎರಡು ಸುತ್ತು ಬಂದರು. ನಾನು ವಾಲ್ಟರ್ ಅವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಹೋಗೇಬಿಟ್ಟಿತಲ್ಲ" ಎಂದರು. ಅದನ್ನು ಹೇಳಿದ ಧಾಟಿಯಲ್ಲಿ ಸಂತೋಷ ಇರಲಿಲ್ಲ. ನನಗೆ ಆಗ ಹೊಳೆಯಿತು. ಕಲೆ ಇದ್ದಿದ್ದರೆ ಅವರು ಹೇಳಲೇಬೇಕಿತ್ತು, ಈಗ ಹೇಳದೆಯೂ ಇರಬಹುದು. ನಾಳೆ ಕ್ಯಾರಲ್ ಬಂದಾಗ ಬಾಯಿ ಬಿಡುತ್ತಾರೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ.

ಭಾನುವಾರ ಕ್ಯಾರಲ್ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಜೋರು ದನಿ, ಬಂದವಳೇ ಚಿಕ್ಕಪ್ಪನನ್ನು ಬಿಗಿಯಾಗಿ ತಬ್ಬಿಕೊಂಡಳು. ನಮ್ಮ ಡ್ರೈವ್‌ವೇಯಲ್ಲೇ ಕಾರು ನಿಂತಿದ್ದರಿಂದ ನಾವೂ ಅಲ್ಲಿದ್ದೆವು. ವಾಲ್ಟರ್ ಕೀಲಿ ತೆಗೆದು ಅವಳ ಕೈಗಿಡಲು ಹೋದವರು ಹಾಗೇ ಹಿಡಿದು ನಿಂತರು. "ಕ್ಯಾರಲ್, ಇದರ ಹುಡ್ ಫ್ಯಾಕ್ಟರಿಯದ್ದಲ್ಲ" ಎಂದರು. ಎಳೆದೆಳೆದು ಮಾತಾಡುವ ಮನುಷ್ಯ ಇದೊಂದನ್ನು ಒಂದೇ ಉಸಿರಿಗೆ ಹೇಳಿದರು. ಆಮೇಲೆ ಹುಡುಗಿ, ಹೆದ್ದಾರಿ, ಗುಜರಿ, ಎಲ್ಲವನ್ನೂ ಹೇಳಿದರು. ಹೇಳುವಾಗ ಅವಳ ಮುಖ ನೋಡಲಿಲ್ಲ.

ಕ್ಯಾರಲ್ ಪೂರ್ತಿ ಕೇಳಿ, ಕಾರಿನ ಮುಂದೆ ಹೋಗಿ ಬಾನೆಟ್ ಎತ್ತಿ, ಒಳಮೈಯಲ್ಲಿ ಕೀಲಿನ ಪಕ್ಕದ ಒಂದು ಮೂಲೆಗೆ ಬೆರಳಿಟ್ಟು ತೋರಿಸಿದಳು. ಅಲ್ಲಿ ಬೆರಳಗಲ ಹಸಿರು ಬಣ್ಣ. "ಅಂಕಲ್ ವಾಲ್ಟ್, ಈ ಮೂಲೆಗೆ ಬಿಳಿ ಹೊಡೆಯೋದೇ ಮರೆತಿದ್ದೀಯಲ್ಲ. ಅಪ್ಪ ಸೈನ್ಯದಿಂದ ಬಂದ ದಿನವೇ ನೋಡಿದ್ದನಂತೆ, ನಿನ್ನ ಗೆಳೆಯನ ಬಾಯಿ ಬಿಡಿಸಿ ಎಲ್ಲಾ ತಿಳಿದುಕೊಂಡನಂತೆ. ನಾನು ಡ್ರೈವಿಂಗ್ ಕಲಿಯುವಾಗ ನನಗೆ ಇದನ್ನು ತೋರಿಸಿಯೇ ಹೇಳಿಕೊಟ್ಟ, ಕೊಂಡಿ ನೋಡದೆ ಯಾವತ್ತೂ ಹೊರಡಬೇಡ ಅಂತ."

ವಾಲ್ಟರ್ ಬಗ್ಗಿ ಆ ಹಸಿರನ್ನು ಬೆರಳಿನಿಂದ ಮುಟ್ಟಿದರು. ಕೊನೆಗೆ, "ಮತ್ತೆ ನನಗೇಕೆ ಹೇಳಲಿಲ್ಲ?" ಎಂದರು.

"ನಾನೂ ಕೇಳಿದ್ದೆ. ಹೊಸ ಕಾರಿನ ಕೀಲಿ ಕೊಟ್ಟು ಓಡಿಸಬೇಡ ಅಂತ ಹೇಳಿಹೋದದ್ದು ನನ್ನದೇ ತಪ್ಪು, ಅವನು ಸಾಯದೆ ಉಳಿದನಲ್ಲ, ಸಾಕು, ಅಂದ ಅಪ್ಪ."

ವಾಲ್ಟರ್ ಎರಡು ಕೈಯಲ್ಲೂ ಬಾನೆಟ್ಟಿನ ಅಂಚು ಹಿಡಿದು ತಲೆ ತಗ್ಗಿಸಿ ನಿಂತರು. ಕ್ಯಾರಲ್ ಅವರ ಬೆನ್ನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿಗೆ ಅವರು ಒಂದು ದೊಡ್ಡ ಉಸಿರು ಬಿಟ್ಟರು, ರಸ್ತೆಯಾಚೆಗೂ ಕೇಳಿಸುವಂಥದ್ದು. ನಾವು ಅಲ್ಲಿರುವುದು ಸರಿಯಲ್ಲವೆಂದು ಒಳಗೆ ಬಂದೆವು.

ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. "ಏನಂತೆ ರಘು? ಆ ಮನುಷ್ಯ ಯಾಕೆ ಹಾಗೆ ನಿಂತ್ರು?" ಎಂದು ಕೇಳಿದರು.

"ಅವರಣ್ಣಂಗೆ ಮೊದಲೇ ಎಲ್ಲಾ ಗೊತ್ತಿತ್ತಂತೆ ಅತ್ತೆ. ಇವರಿಗೆ ಈಗ ಗೊತ್ತಾಯ್ತು."

ಅತ್ತೆ ಒಗ್ಗರಣೆ ಸೌಟನ್ನು ಒಲೆಯಿಂದ ಇಳಿಸಿ, ಇದರಲ್ಲಿ ಆಶ್ಚರ್ಯಪಡುವುದೇನಿದೆ ಎಂಬಂತೆ ನನ್ನ ಮುಖ ನೋಡಿದರು.

"ಗೊತ್ತಿಲ್ದೆ ಇರತ್ತಾ? ಅಣ್ಣ ಅಲ್ವಾ."